ಹನ್ನೊಂದು ಐವತ್ತೈದರ ನಂತರ ಬದಲಾವಣೆ ಇಲ್ಲ

ಧಾರವಾಡದ ಸೂಪರ್ ಮಾರ್ಕೆಟ್ ಹಿಂದಿನ ಓಣಿಯ ಒಂದು ಪ್ರೆಸ್ಸಿನಲ್ಲಿ ನಾನು ನಾಲ್ಕು ವರ್ಷ ಕೆಲಸ ಮಾಡಿದೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬಿಎಸ್ಸಿ ಮುಗಿಸಿ, ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿ, ಪ್ರೋಗ್ರಾಂ ಬರೆಯುವ ಕೆಲಸ ಸಿಕ್ಕೀತೆಂದು ಕಾದು ಕಾದು, ಕೊನೆಗೆ ಲಗ್ನಪತ್ರಿಕೆ ಟೈಪ್ ಮಾಡುವ ಕೆಲಸಕ್ಕೆ ಸೇರಿದವಳು ನಾನು. ದಿನವೂ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಇದು ನನ್ನ ಓದಿಗೆ ತಕ್ಕ ಕೆಲಸವಲ್ಲ ಎಂಬ ಕೊಬ್ಬು ನನಗೆ ಬಹಳ ಇತ್ತು. ಅದನ್ನು ಮುಚ್ಚಿಡುವಷ್ಟು ಜಾಣತನ ಮಾತ್ರ ಇರಲಿಲ್ಲ.

ಟೈಪ್ ಮಾಡುವ ಕೋಣೆಯಲ್ಲಿ ನನ್ನ ಜೊತೆ ಇದ್ದವರು ಕಾಕಾ ಒಬ್ಬರೇ. ಅವರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದರು, ಮಾಲಕರು ಸಹ. ಮಾಲಕರ ತಂದೆಯ ಕಾಲದಿಂದ ಸೀಸದ ಅಚ್ಚಿನ ಮೊಳೆ ಜೋಡಿಸಿದ ಕೈ ಅವರದು. ಮೊಳೆಗಳೆಲ್ಲ ಗುಜರಿಗೆ ಹೋದಾಗ ಅವರಿಗೆ ಐವತ್ತು ದಾಟಿತ್ತು. ಮನೆಗೆ ಹೋಗುತ್ತಾರೆ ಎಂದುಕೊಂಡವರ ಬಾಯಿ ಮುಚ್ಚಿಸಿ ಕಂಪ್ಯೂಟರ್ ಕಲಿತು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಎರಡೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರೂ ಹಾಳೆಯ ಮೇಲೆ ಎಲ್ಲಿ ಜಾಗ ಬಿಡಬೇಕು, ಎಲ್ಲಿ ಅಕ್ಷರ ದಪ್ಪ ಮಾಡಬೇಕು ಎಂಬುದನ್ನು ಅವರಿಂದಲೇ ನಾನು ಕಲಿತದ್ದು. ಆ ಕುರ್ಚಿಯ ಬಗ್ಗೆ ಅವರಿಗೆ ಬಲು ಅಭಿಮಾನ. ಬೆಳಿಗ್ಗೆ ಬಂದವರು ಮೊದಲು ಅದನ್ನು ಒರೆಸಿ ಆಮೇಲೆ ಚಹಾ ಕುಡಿಯುತ್ತಿದ್ದರು.

ಪ್ರೆಸ್ಸಿನಲ್ಲಿ ಮೂರು ಕಂಪ್ಯೂಟರ್ ಇದ್ದವು. ಎರಡರಲ್ಲಿ ನಾವು ಟೈಪ್ ಮಾಡುವುದು, ಮೂರನೆಯದು ಒಳಗಿನ ಕೋಣೆಯಲ್ಲಿ ಪ್ರಿಂಟರಿಗೆ ಜೋಡಿಸಿದ್ದು. ನಮ್ಮ ಕೆಲಸ ಫ್ಲಾಪಿಯಲ್ಲಿ ಒಳಗೆ ಹೋಗುತ್ತಿತ್ತು. ಗಿರಾಕಿ ತಿದ್ದುಪಡಿ ಹೇಳಿ ಹೋದ ಮೇಲೆ ಹೊಸ ಫ್ಲಾಪಿ ಕೊಡುವುದು ಮರೆತರೆ ಒಳಗಿನವರು ಹಳೆಯದನ್ನೇ ಅಚ್ಚಿಗೆ ಹಾಕಿಬಿಡುವರು. ತಿಂಗಳಿಗೊಮ್ಮೆಯಾದರೂ ಈ ಜಗಳ ಇದ್ದದ್ದೇ. ಮಾಲಕರು ವೈರ್ ಎಳೆಸಿ ಮೂರನ್ನೂ ಒಂದಕ್ಕೊಂದು ಜೋಡಿಸಿದಾಗ ನನ್ನ ಕೋರ್ಸಿಗೆ ಒಂದು ಬೆಲೆ ಬಂತು. ನಾನು ಒಂದು ಪ್ರೋಗ್ರಾಂ ಬರೆದೆ.

ಅದು ಮಾಡುತ್ತಿದ್ದದ್ದು ಇಷ್ಟೇ. ಹದಿನೈದು ನಿಮಿಷಕ್ಕೊಮ್ಮೆ ನಮ್ಮ ಎರಡೂ ಕಂಪ್ಯೂಟರಿನ ಫೋಲ್ಡರ್‌ಗಳಲ್ಲಿ ಹಣಿಕಿ ಹಾಕುವುದು. ಪ್ರತಿ ಫೈಲನ್ನು ಕೊನೆಯ ಸಲ ಸೇವ್ ಮಾಡಿದ ಹೊತ್ತು ಎಷ್ಟು ಎಂದು ನೋಡುವುದು. ತನ್ನ ಪಟ್ಟಿಯಲ್ಲಿ ಬರೆದಿಟ್ಟುಕೊಂಡ ಹೊತ್ತಿಗಿಂತ ಅದು ಮುಂದಿನದಾಗಿದ್ದರೆ ಫೈಲ್ ಬದಲಾಗಿದೆ ಎಂದು ತಿಳಿದು, ಹೊಸ ಪ್ರತಿಯನ್ನು ಒಳಗಿನ ಕಂಪ್ಯೂಟರಿಗೆ ಕಳಿಸಿ ಪಟ್ಟಿ ತಿದ್ದುವುದು. ಇಲ್ಲದಿದ್ದರೆ ಸುಮ್ಮನಿರುವುದು. ಮೂರು ತಿಂಗಳು ಒಂದೂ ಜಗಳವಿಲ್ಲದೆ ಹೋಯಿತು. ಮಾಲಕರು ಬಂದವರಿಗೆಲ್ಲ ನನ್ನನ್ನು ತೋರಿಸಿ ಹೊಗಳತೊಡಗಿದರು, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾನು ಚಾಡಿಕೋರನನ್ನು ಸಾಕಿದ್ದೇನೆ ಎಂದು ಕಾಕಾ ಮಾತ್ರ ತಮಾಷೆ ಮಾಡುತ್ತಿದ್ದರು.

ನಮ್ಮ ಕಡೆ ಲಗ್ನಪತ್ರಿಕೆ ಎಂದರೆ ಬರಿ ಕಾಗದವಲ್ಲ. ಅರಿಶಿನ ಹಚ್ಚಿದ ಕರಡು ಹಾಳೆ ಹಿಡಿದು ಬಂದವರು ರಾಹುಕಾಲದಲ್ಲಿ ಒಂದಕ್ಷರ ಹೊಡೆಯಗೊಡುತ್ತಿರಲಿಲ್ಲ, ಅದರಲ್ಲೂ ಮುಹೂರ್ತದ ಸಾಲನ್ನು. ನಮ್ಮ ಪಕ್ಕದಲ್ಲೇ ಕೂತು, ಪರದೆಯ ಮೂಲೆಯ ಗಡಿಯಾರದ ಮೇಲೆ ಕಣ್ಣಿಡುತ್ತಿದ್ದರು. ನಾನು ಅಂಥವರನ್ನು ಮುಲಾಜಿಲ್ಲದೆ ಹೊರಗಿನ ಬಾಕಿನ ಮೇಲೆ ಕೂರಿಸುತ್ತಿದ್ದೆ. ಒಂದೂವರೆ ತಾಸು ಕೂತು, ಬಸ್ಸು ತಪ್ಪಿಸಿಕೊಂಡು, ಗೊಣಗುತ್ತ ಕೆಲಸ ಮಾಡಿಸಿಕೊಂಡು ಹೋಗುವರು. ಕಾಕಾ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ರಾಹುಕಾಲ ಅವರ ಕ್ಯಾಲೆಂಡರಿನಲ್ಲೇ ಇರಲಿಲ್ಲ. ಆದರೂ ಅವರ ಗಿರಾಕಿಗಳು ಬಾಕಿನ ಮೇಲೆ ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಯಾಕೆ ಎಂದು ಕೇಳಿಕೊಳ್ಳಲಿಲ್ಲ.

ಒಂದು ಬುಧವಾರ ಉಪ್ಪಿನಬೆಟಗೇರಿಯವರೊಬ್ಬರು ಮಗಳ ಲಗ್ನಪತ್ರಿಕೆಯ ಕರಡು ಕೊಟ್ಟು, ಆಮೇಲೆ ತಮ್ಮ ತಾಯಿ ಬಂದು ನೋಡುತ್ತಾರೆಂದು ಹೇಳಿ ಬಟ್ಟೆ ಅಂಗಡಿಗೆ ಹೋದರು. ಕಾಕಾ ಟೈಪ್ ಮಾಡಿ ಸೇವ್ ಮಾಡಿದಾಗ ಹನ್ನೊಂದು ಐವತ್ತೈದು. ಹನ್ನೆರಡಕ್ಕೆ ನನ್ನ ಪ್ರೋಗ್ರಾಂ ಅದನ್ನು ಒಳಗೆ ಕಳಿಸಿತು. ಆಮೇಲೆ ನಾನು ಊಟದ ಡಬ್ಬಿ ತೆಗೆದುಕೊಂಡು ಹಿಂದಿನ ಕೋಣೆಗೆ ಹೋದೆ. ಆ ಹೊತ್ತಿನಲ್ಲಿ ಹುಡುಗಿಯ ಅಜ್ಜಿ ಬಂದರಂತೆ. ಜೋಯಿಸರು ಮುಹೂರ್ತ ಬದಲಿಸಿದ್ದರು; ಮಧ್ಯಾಹ್ನದ್ದು ಬೆಳಗಿನ ಹತ್ತು ಐವತ್ತಕ್ಕೆ ಬಂದಿತ್ತು. ಕಾಕಾ ತಿದ್ದಿಕೊಟ್ಟರು, ಅಜ್ಜಿ ಒಂದು ಗಂಟೆಯ ಬಸ್ಸಿಗೆ ಹೋದರು.

ಶುಕ್ರವಾರ ಸಂಜೆ ತಾಯಿ ಮಗ ಇಬ್ಬರೂ ಕಾರ್ಡ್ ಒಯ್ಯಲು ಬಂದರು. ಕಟ್ಟು ಬಿಚ್ಚಿ ನೋಡಿದರೆ ಎಲ್ಲದರಲ್ಲೂ ಹಳೆಯ ಮುಹೂರ್ತ. ಮಗನ ದನಿ ಓಣಿಯ ತುದಿಗೆ ಕೇಳುವಂತಿತ್ತು. ಮಾಲಕರು ನಮ್ಮ ಕೋಣೆಗೆ ಬಂದರು, ಅವರ ಹಿಂದೆ ಗಿರಾಕಿಗಳೂ ಬಂದರು. ಕಾಕಾ ಗಾಬರಿಯಾಗದೆ ತಮ್ಮ ಕಂಪ್ಯೂಟರಿನಲ್ಲಿ ಫೈಲ್ ತೆರೆದು ತೋರಿಸಿದರು. ಅದರಲ್ಲಿ ಮುಹೂರ್ತ ಸರಿಯಾಗಿತ್ತು.

ಅಜ್ಜಿಯೂ ಅದನ್ನೇ ಹೇಳಿದರು. “ನನ್ನ ಮುಂದನ ಹೊಡದಾರ. ರಾಹುಕಾಲಕ್ಕ ಇನ್ನ ಹತ್ತ ನಿಮಿಷ ಇತ್ತು, ನಾನು ಕೇಳೇನಿ.”

ಮಾಲಕರು ನನ್ನ ಕಡೆ ತಿರುಗಿ ಪಟ್ಟಿ ನೋಡಲು ಹೇಳಿದರು. ನಾನು ನೋಡಿದೆ. ಪರೀಕ್ಷೆಯ ಫಲಿತಾಂಶ ಓದುವ ಠೀವಿಯಲ್ಲಿ ಓದಿದೆ: ಬುಧವಾರ ಹನ್ನೊಂದು ಐವತ್ತೈದರ ನಂತರ ಬದಲಾವಣೆ ಇಲ್ಲ. ಮಾಲಕರ ಲೆಕ್ಕ ಅಲ್ಲಿಗೆ ಮುಗಿಯಿತು. ಕಾಕಾ ಬುಧವಾರ ಹೊಡೆದದ್ದೇನೋ ನಿಜ, ಆದರೆ ಸೇವ್ ಮಾಡುವುದು ಮರೆತಿದ್ದಾರೆ. ತಪ್ಪು ಗೊತ್ತಾದ ಮೇಲೆ ಗುಟ್ಟಾಗಿ ತಿದ್ದಿ ಈಗ ತೋರಿಸುತ್ತಿದ್ದಾರೆ.

“ಕಾಕಾ, ಮಷೀನು ಸುಳ್ಳ ಹೇಳತೈತೇನ್ರಿ?” ಎಂದರು.

ಕಾಕಾ ಏನೋ ಹೇಳಲು ಬಾಯಿ ತೆರೆದರು. ಅಜ್ಜಿಯ ಕಡೆ ನೋಡಿದರು, ಪರದೆಯ ಮೂಲೆಯ ಕಡೆ ನೋಡಿದರು. ಆಮೇಲೆ, “ನಂದ ಮರವು ಆಗಿರಬೇಕ್ರಿ” ಎಂದರು.

ಸಿಕ್ಕಿಬಿದ್ದವರು ಹೀಗೇ ಮಾಡುತ್ತಾರೆ ಎಂದುಕೊಂಡೆ. ಮಾಲಕರು ಎಲ್ಲ ಕಾರ್ಡುಗಳನ್ನೂ ಮತ್ತೆ ಅಚ್ಚು ಹಾಕಿಸಿಕೊಡಲು ಒಪ್ಪಿದರು. ಕಾಕಾ ಅವರಿಗೆ, ವಯಸ್ಸಾಯಿತು, ಇನ್ನು ಬೈಂಡಿಂಗ್ ಕೋಣೆಯಲ್ಲಿ ಕೂತು ಕಾರ್ಡ್ ಮಡಿಚಿ ಕಟ್ಟು ಕಟ್ಟಿದರೆ ಸಾಕು ಎಂದರು. ಬೈದಿದ್ದರೆ ಚೆನ್ನಾಗಿತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನಾನು ಕೂರಬೇಕೆಂದು ಆಯಿತು.

ಹೊಳೆದದ್ದು ಅಂದು ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ, ಸತ್ತೂರು ದಾಟುವಾಗ. ಕಾಕಾ ಆಮೇಲೆ ಗುಟ್ಟಾಗಿ ತಿದ್ದಿದ್ದರೆ ಆ ಬದಲಾವಣೆಯಾದರೂ ನನ್ನ ಪಟ್ಟಿಯಲ್ಲಿ ಇರಬೇಕಿತ್ತಲ್ಲ? ಫೈಲ್ ಬದಲಾಗಿದ್ದನ್ನು ಎಲ್ಲರೂ ಕಣ್ಣಾರೆ ನೋಡಿದ್ದೇವೆ. ಪಟ್ಟಿ ಬದಲಾಗಿಲ್ಲ ಎನ್ನುತ್ತಿದೆ. ಯಾವಾಗಲೇ ತಿದ್ದಿರಲಿ, ನನ್ನ ಪ್ರೋಗ್ರಾಂ ಅದನ್ನು ಕಂಡಿಲ್ಲ. ಇಷ್ಟು ಸರಳ ಮಾತು ಮಾಲಕರಿಗೆ ಹೊಳೆಯದಿದ್ದರೆ ತಪ್ಪಿಲ್ಲ, ಅವರು ಪ್ರೋಗ್ರಾಂ ಬರೆದವರಲ್ಲ. ನಾನು ಬರೆದವಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಕೇಳದಿದ್ದರೂ ನನ್ನ ಪ್ರೋಗ್ರಾಂ ಸರಿಯಾಗಿದೆ ಎಂದು ನನಗೆ ನಾನೇ ದಾರಿಯುದ್ದಕ್ಕೂ ವಾದಿಸಿಕೊಂಡೆ.

ಶನಿವಾರ ಹೋಗಿ ಹೇಳಬಹುದಿತ್ತು. ಆ ಫೈಲಿನ ಹೊತ್ತು ಎಷ್ಟಿದೆ ಎಂದು ಒಮ್ಮೆ ನೋಡಿದ್ದರೂ ಸಾಕಿತ್ತು, ಅರ್ಧ ನಿಮಿಷದ ಕೆಲಸ. ನೋಡಲಿಲ್ಲ. ಮಾಲಕರು ಅದೇ ವಾರ ಇನ್ನೊಂದು ಪ್ರೆಸ್ಸಿನವರನ್ನು ಕರೆದು ತಂದು, ಕಾರ್ಡಿನ ಕಥೆ ಹೇಳಿ, ಈ ಪ್ರೋಗ್ರಾಂ ಮುಂದೆ ಯಾರ ಆಟವೂ ನಡೆಯುವುದಿಲ್ಲ ಎಂದು ಹೊಗಳಿದರು. ಬೈಂಡಿಂಗ್ ಕೋಣೆ ನಮ್ಮ ಕೋಣೆಯ ಎದುರಿಗೇ ಇತ್ತು. ಕಾಕಾ ಚಾಪೆಯ ಮೇಲೆ ಕೂತು ಕಾರ್ಡ್ ಮಡಿಚುವುದು ನನಗೆ ಕಾಣುತ್ತಿತ್ತು. ನಾನು ಕುರ್ಚಿಯನ್ನು ಸ್ವಲ್ಪ ತಿರುಗಿಸಿಕೊಂಡೆ.

ಮುಂದಿನ ಶುಕ್ರವಾರ ಹನ್ನೊಂದರ ಸುಮಾರಿಗೆ ಹೆಬ್ಬಳ್ಳಿಯ ಒಬ್ಬ ಮುದುಕಿ ಮೊಮ್ಮಗನ ಲಗ್ನದ ಕರಡು ತಂದರು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ನನ್ನ ಪಕ್ಕ ಕೂತವರು ಪರದೆಯ ಮೂಲೆ ತೋರಿಸಿ ಎಷ್ಟು ಹೊತ್ತು ಎಂದು ಕೇಳಿದರು. ಹೇಳಿದೆ. ಬಾಕಿನ ಮೇಲೆ ಕೂರಬೇಕಾಗುತ್ತದೆ ಎಂದೂ ಹೇಳಿದೆ. ಅವರಿಗೆ ಬಹಳ ಬೇಜಾರಾಯಿತು.

“ಇದೇನವಾ ಹಿಂಗ. ಆ ಕಾಕಾನ ಕಡೆ ಮೂರ ಸಲ ಬಂದೇನಿ, ಒಮ್ಮೆನೂ ರಾಹುಕಾಲ ಇರಲಿಲ್ಲ.”

ಅವರನ್ನು ಹೊರಗೆ ಕೂರಿಸಿ ಉಪ್ಪಿನಬೆಟಗೇರಿಯವರ ಫೈಲ್ ಹುಡುಕಿದೆ. ಕೊನೆಯ ಸಲ ಸೇವ್ ಆದ ಹೊತ್ತು, ಬುಧವಾರ ಹನ್ನೊಂದು ಐವತ್ತು. ನನ್ನ ಪಟ್ಟಿಯಲ್ಲಿದ್ದದ್ದು ಹನ್ನೊಂದು ಐವತ್ತೈದು. ಬುಧವಾರ ಹನ್ನೆರಡರಿಂದ ಒಂದೂವರೆ ರಾಹುಕಾಲ; ಅಜ್ಜಿ ಬಂದಾಗ ಹನ್ನೆರಡು ಇಪ್ಪತ್ತೋ ಮೂವತ್ತೋ ಆಗಿರಬೇಕು. ಕಾಕಾ ಕಂಪ್ಯೂಟರಿನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ, ಇನ್ನೂ ಹತ್ತು ನಿಮಿಷ ಇದೆ ಎಂದು ತೋರಿಸಿ, ಮುಹೂರ್ತ ತಿದ್ದಿ ಸೇವ್ ಮಾಡಿ, ಅಜ್ಜಿ ಎದ್ದು ಹೋದ ಮೇಲೆ ಗಡಿಯಾರ ಸರಿ ಮಾಡಿದ್ದರು. ಹೊತ್ತು ಮುಂದೆ ಹೋಗುತ್ತದೆಯೇ ಹೊರತು ಹಿಂದೆ ಬರುವುದಿಲ್ಲ ಎಂದು ನಂಬಿ ನಾನು ಪ್ರೋಗ್ರಾಂ ಬರೆದಿದ್ದೆ. ಐವತ್ತೈದಕ್ಕಿಂತ ಐವತ್ತು ಹಿಂದಿನದು, ಆದ್ದರಿಂದ ಬದಲಾವಣೆ ಇಲ್ಲ. ಹೊತ್ತು ಮುಂದಿನದಾಗಿದೆಯೇ ಎಂದು ಕೇಳುವ ಜಾಗದಲ್ಲಿ ಬೇರೆಯಾಗಿದೆಯೇ ಎಂದು ಕೇಳಿದ್ದರೆ ಸಾಕಿತ್ತು. ಒಂದು ಚಿಹ್ನೆಯ ಕೆಲಸ.

ಬೈಂಡಿಂಗ್ ಕೋಣೆಗೆ ಹೋದೆ. ಕಾಕಾ ಅವರ ಎದುರು ಚಾಪೆಯ ಮೇಲೆ ಕೂತು, ನಾನು ಕಂಡದ್ದನ್ನು ಹೇಳಿ, ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಮಡಿಚುವುದನ್ನು ನಿಲ್ಲಿಸಲಿಲ್ಲ. ನಾನು ಪಟ್ಟಿ ಓದಿದ ಕೂಡಲೇ ಗಡಿಯಾರದ್ದೇ ಎಡವಟ್ಟು ಇರಬೇಕೆಂದು ಅವರಿಗೆ ಅನಿಸಿತ್ತಂತೆ.

“ಆ ಮುದುಕಿ ಎದುರಿಗೇ ನಿಂತಿದ್ಲಲ್ಲವಾ. ಮುಹೂರ್ತ ಬರದದ್ದ ರಾಹುಕಾಲದಾಗ ಅಂತ ಹೆಂಗ ಹೇಳ್ಲಿ? ನಾಳೆ ಆ ಹುಡುಗಿ ಸಂಸಾರದಾಗ ಏನರ ಒಂದ ಆದ್ರ, ಈ ಮುದುಕಿ ಸಾಯೂತನಕ ಅದನ್ನ ನೆನಸತಾಳ. ಬಸ್ಸ ಸಿಗಲಿ ಅಂತ ನಾ ಮಾಡಿದ್ದು. ಅದರ ಭಾರ ಆಕಿ ಮ್ಯಾಲೆ ಯಾಕ?”

ಮಾಲಕರಿಗೂ ಗಡಿಯಾರ ತಿರುಗಿಸಿದ ಮಾತು ಹೇಳಬೇಡ ಎಂದರು. ಮಾಲಕರು ಅಂಗಡಿಯ ಬಾಗಿಲನ್ನೇ ರಾಹುಕಾಲ ನೋಡಿ ತೆಗೆಯುವವರು, ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ ಎಂದರು. ನನಗೆ ಅಳು ಬಂತು. ಯಾರಾದರೂ ನೋಡಿಯಾರು ಎಂದು ಒಂದು ಕಟ್ಟು ಕಾರ್ಡ್ ಎತ್ತಿಕೊಂಡು ಮಡಿಚತೊಡಗಿದೆ. ಕಾಕಾ ಅದನ್ನು ನೋಡಿ, ಅಂಚು ಕೂಡುತ್ತಿಲ್ಲ ಎಂದು ಕಸಿದುಕೊಂಡರು.

ಶನಿವಾರ ಮಾಲಕರ ಮೇಜಿನ ಮುಂದೆ ನಿಂತು, ತಪ್ಪು ನನ್ನ ಪ್ರೋಗ್ರಾಂನದು, ಕಾಕಾ ಬುಧವಾರವೇ ತಿದ್ದಿ ಸೇವ್ ಮಾಡಿದ್ದರು, ಆ ಕಂಪ್ಯೂಟರಿನ ಗಡಿಯಾರ ಹಿಂದೆ ಬಿದ್ದದ್ದರಿಂದ ನನ್ನ ಪ್ರೋಗ್ರಾಂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂದೆ. ಅವರು ಎದ್ದು ಬೈಂಡಿಂಗ್ ಕೋಣೆಗೆ ಹೋಗಿ, ಎಲ್ಲರ ಎದುರಿಗೆ, “ಏಳ್ರಿ ಕಾಕಾ, ನಿಮ್ಮ ಕುರ್ಚಿಗೆ ನಡೀರಿ” ಎಂದರು. ಅಷ್ಟು ಮಾತಿಗೆ ಅವರಿಗೂ ಕಷ್ಟವಾದದ್ದು ಕಾಣುತ್ತಿತ್ತು. ಅಂದು ಮಧ್ಯಾಹ್ನವೇ ಗಡಿಯಾರದ ಹೊಸ ಸೆಲ್ ತರಿಸಿ ಆ ಕಂಪ್ಯೂಟರಿಗೆ ಹಾಕಿಸಿದರು. ಹಳೆಯ ಸೆಲ್ಲಿಗೆ ಏನೂ ಆಗಿರಲಿಲ್ಲ.

ನಾನು ಪ್ರೋಗ್ರಾಂ ತಿದ್ದಿದೆ. ಹೊತ್ತು ಹಿಂದಿರಲಿ ಮುಂದಿರಲಿ, ಬೇರೆಯಾಗಿದ್ದರೆ ಸಾಕು, ಬದಲಾಗಿದೆ ಎಂದು ತಿಳಿಯುವಂತೆ ಮಾಡಿದೆ. ಫೈಲಿನ ಅಳತೆಯನ್ನೂ ಜೊತೆಗೆ ನೋಡುವಂತೆ ಮಾಡಿದೆ. ಆಮೇಲಿನ ಇಪ್ಪತ್ತು ವರ್ಷ ಬೇರೆ ಬೇರೆ ಕಡೆ ಇಂಥದ್ದೇ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆದಿದ್ದೇನೆ, ಆ ತಪ್ಪು ಮತ್ತೆ ಮಾಡಿಲ್ಲ.

ಕುರ್ಚಿಗೆ ಮರಳಿದ ದಿನ ಕಾಕಾ ಅದನ್ನು ಒರೆಸಿದರು, ಚಹಾ ತರಿಸಿದರು, ನನಗೂ ಒಂದು ಕಪ್ ಕೊಟ್ಟರು. ನನ್ನ ಮುಖ ಸಪ್ಪಗಿದ್ದದ್ದನ್ನು ಕಂಡು ಸಮಾಧಾನ ಹೇಳಬೇಕೆನಿಸಿರಬೇಕು.

“ನಿನಗೇನ ಗೊತ್ತಿತ್ತವಾ? ಗೊತ್ತಿದ್ರ ಅವತ್ತ ಹೇಳತಿದ್ದಿ” ಎಂದರು.

ನಾನು ಹೌದ್ರಿ ಕಾಕಾ ಎಂದೆ.