ಎಲ್ಡಾಳ ಬಲೂನೂ ರೂಟ್ ಎಂಬ ಒಡೆಯನೂ

ನಮ್ಮೂರಿನ ಶಾಲಾ ಬಸ್ಸನ್ನು ಬಹುಕಾಲ ಓಡಿಸಿದ ಎಲ್ಡಾ ಪೆನ್ನರ್‌ಗೆ ನಿವೃತ್ತಿಯಾದ ಮೇಲೆ ಹಿಡಿದದ್ದು ಬಲೂನಿನ ಹುಚ್ಚು. ಹಗಲಲ್ಲೂ ಆಕಾಶ ಕಪ್ಪಾಗಿ ಕಾಣುವ ಎತ್ತರಕ್ಕೆ ಕ್ಯಾಮೆರಾ ಕಳಿಸಬೇಕು, ಅದು ಬಿದ್ದ ಜಾಗವನ್ನು ರೇಡಿಯೋ ಸಂಕೇತದಿಂದ ಹುಡುಕಬೇಕು. ಕ್ಯಾಮೆರಾದ ಪೆಟ್ಟಿಗೆಯನ್ನು ಚಳಿಗಾಲವೆಲ್ಲ ಕೂತು ತಾನೇ ಕಟ್ಟಿದ್ದಳು. ಸಂಕೇತ ತಪ್ಪಿದರೆ ನಮ್ಮ ಮ್ಯಾನಿಟೋಬಾದ, ಸಾಸಿವೆಯಂತೆ ಹಳದಿ ಹೂ ಬಿಡುವ ಕನೋಲಾ ಹೊಲಗಳಲ್ಲಿ ಅದು ಹೋದ ಹಾಗೆಯೇ.

ಮೊದಲ ಹಾರಾಟದ ಬೆಳಿಗ್ಗೆ. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟದ ಕ್ಲಬ್ಬಿನ ಹಿಂದಿನ ಬಯಲಲ್ಲಿ, ಅನಿಲ ತುಂಬಿದ ಬಲೂನನ್ನು ಊರ ಶಾಲೆಯ ಮೇಷ್ಟ್ರಾದ ನಾನೂ ಅವಳ ಗಂಡ ಹಾರ್ವಿಯೂ ಹಗ್ಗ ಹಿಡಿದು ನಿಲ್ಲಿಸಿದ್ದೆವು. ಗಾಳಿ ಏಳುತ್ತಿತ್ತು. ಸಂಕೇತ ಓದುವ ಪ್ರೋಗ್ರಾಮಿನಲ್ಲಿ ಒಂದು ದೋಷವಿತ್ತು. ಅದನ್ನು ಬರೆದವರು ತಿದ್ದಿದ ಸೋರ್ಸ್ ಕೋಡನ್ನು ಆಗಷ್ಟೇ ಅಂತರ್ಜಾಲಕ್ಕೆ ಹಾಕಿದ್ದರು. ಎಲ್ಡಾ ಟ್ರಕ್ಕಿನ ಹಿಂಬದಿಯಲ್ಲಿ ಲ್ಯಾಪ್‌ಟಾಪ್ ತೆರೆದು ಅದನ್ನು ಇಳಿಸಿಕೊಳ್ಳಲು ಹೊರಟರೆ ಪರದೆ ಒಂದೇ ಮಾತು ಹೇಳಿತು: ಅನುಮತಿ ಇಲ್ಲ.

“ನನ್ನ ಲ್ಯಾಪ್‌ಟಾಪಲ್ಲಿ ನನಗೇ ಅನುಮತಿ ಇಲ್ವಂತೆ!”

“ಯಾವಾಗ್ಲೂ ಹಾಕ್ತೀಯಲ್ಲ ಆ ಸುಡೂ ಮಂತ್ರ, ಹಾಕೇ ಮಾರಾಯ್ತಿ! ಕೈ ಕಿತ್ತು ಬರ್ತಾ ಇದೆ,” ಎಂದು ಹಾರ್ವಿ ಕೂಗಿದ.

ಅವಳ ಲ್ಯಾಪ್‌ಟಾಪನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯಲ್ಲಿ ಮೊದಲು ‘ಸುಡೂ’ ಎಂದು ಬರೆದರೆ, ಆ ಆಜ್ಞೆ ರೂಟ್ ಎಂಬ ಸರ್ವಾಧಿಕಾರಿಯ ಹೆಸರಲ್ಲಿ ನಡೆಯುತ್ತದೆ. ಎಲ್ಡಾಳ ಬೆರಳು ಹೋಗಿ ಅರ್ಧಕ್ಕೇ ನಿಂತಿತು. ಪ್ರೋಗ್ರಾಮು ಇದ್ದ ಫೋಲ್ಡರಿನ ವಿವರ ತೆರೆದಳು. ಒಡೆಯನ ಜಾಗದಲ್ಲೆಲ್ಲ ರೂಟ್, ರೂಟ್, ರೂಟ್.

“ಅಯ್ಯೋ ಮೇಷ್ಟ್ರೇ, ಆ ಮಂತ್ರಾನೇ ಮುಳುವಾಯ್ತು! ಹೋದ ಸಲ ಇಳಿಸ್ಕೊಳ್ಳೋವಾಗ್ಲೂ ಸುಡೂ ಹಾಕಿದ್ದೆ. ಡಿಪೋ ಸಾಹೇಬರ ಹೆಸರಲ್ಲಿ ನನ್ನ ಬಸ್ಸಿಗೇ ಬೀಗ ಜಡಿದಂಗೆ!”

“ಅದೇ ಸಾಹೇಬರನ್ನ ಇನ್ನೊಂದ್ಸಲ ಕರಿ!” ಎಂದ ಹಾರ್ವಿ.

“ಕರೆದ್ರೆ ಹೊಸ ಫೈಲುಗಳೂ ಅವರದೇ ಆಗ್ತವೆ. ಬಲೂನಿನ ಹಿಂದೆ ಹೋಗೋ ದಾರೀಲಿ ನಮ್ಮ ಪ್ರೋಗ್ರಾಮು ಆ ಫೋಲ್ಡರಲ್ಲಿ ಏನೂ ಬರ್ಕೊಳ್ಳೋಕಾಗ್ದೆ ನಿಂತ್ಬಿಡುತ್ತೆ. ಸುಮ್ನೆ ಹಗ್ಗ ಹಿಡ್ಕೊಳೋ! ಕೊನೇ ಸಲ ಸುಡೂ, ಎಲ್ಲಾನೂ ನನ್ನ ಹೆಸರಿಗೆ ಮಾಡಿಸ್ಕೊಳ್ಳೋಕೆ ಮಾತ್ರ!”

ಫೋಲ್ಡರನ್ನೂ ಅದರೊಳಗಿನ ಸಮಸ್ತವನ್ನೂ ತನ್ನ ಒಡೆತನಕ್ಕೆ ತಂದುಕೊಂಡು, ಈ ಬಾರಿ ಸುಡೂ ಇಲ್ಲದೆಯೇ ಕೋಡ್ ಕೇಳಿದಳು. ಸಾಲು ಸಾಲಾಗಿ ಇಳಿಯಿತು! ಪ್ರೋಗ್ರಾಂ ಸಿದ್ಧವಾಯಿತು. ನಕ್ಷೆಯ ಮೇಲೆ, ನಾವು ನಿಂತ ಜಾಗದಲ್ಲೇ, ಕೆಂಪು ಚುಕ್ಕೆಯೊಂದು ಮಿನುಗಿತು.

“ಬಿಡ್ರೀ! ಬಿಟ್ಬಿಡ್ರೀ!”

ಬಿಟ್ಟೆವು. ನೋಡುನೋಡುತ್ತ ಬಲೂನು ಬಟಾಣಿಯಷ್ಟಾಯಿತು.

ಎತ್ತರದಲ್ಲಿ ಬಲೂನು ಒಡೆದು ಪೆಟ್ಟಿಗೆ ಇಳಿಯತೊಡಗಿತು; ಮಧ್ಯಾಹ್ನ ಆ ಚುಕ್ಕೆಯ ಹಿಂದೆಯೇ ಟ್ರಕ್ ಓಡಿಸಿದೆವು. ಪಕ್ಕದೂರಿನ ರೈತರ ಒಪ್ಪಿಗೆ ಕೇಳಿಕೊಂಡು ಎಲ್ಡಾ ಹಳದಿ ಹೂಗಳೊಳಕ್ಕೆ ನುಗ್ಗಿದಳು. ಸ್ವಲ್ಪ ಹೊತ್ತಿಗೆ ಹೊಲದ ನಡುವಿನಿಂದ ಪೆಟ್ಟಿಗೆ ಮೇಲೆದ್ದಿತು, ಅದರ ಕೆಳಗೆ ಅವಳು.

“ಮೇಷ್ಟ್ರೇ, ಬನ್ನಿ, ಫೋಟೋ ನೋಡಿ! ಕಪ್ಪು! ನಡುಹಗಲಲ್ಲಿ ಆಕಾಶ ಕಪ್ಪಗಿದೆ!”