ಕರಟ ತಾಗದ ಕಾಯಿ

ಡಾಕ್ಟರು ಅವ್ವನ ಹೃದಯ ತಂದು ಮೇಜಿನ ಮೇಲಿಟ್ಟರು. ಸ್ಕ್ಯಾನ್ ಪ್ರಕಾರ ಮೆತ್ತನೆ ರಬ್ಬರಿನಂಥದ್ದರಲ್ಲಿ ಮಷೀನು ಪ್ರಿಂಟ್ ಮಾಡಿದ್ದು. ಅಳತೆ, ಆಕಾರ ಎಲ್ಲ ಅವ್ವಂದೇ. ಅವ್ವ ನನ್ನ ಪಕ್ಕದಲ್ಲೇ ಕೂತು ಅದನ್ನು ನೋಡುತ್ತಿದ್ದಳು.

ನಮ್ಮ ಮನೇಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅವ್ವ ಗುತ್ತೂರಿನ ಹೊಲಗಳಲ್ಲಿ ಕಳೆ ಕಿತ್ತು ಓದಿಸಿದ ಡಿಗ್ರಿ. ಹೇಳಿಕೊಳ್ಳೋಕೆ ನನಗೆ ಸಂಕೋಚವಿಲ್ಲ. ಅದಕ್ಕೇ ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ಮುಂದಿನ ಕುರ್ಚಿ ನನ್ನದೇ. ದಾವಣಗೆರೆಯ ಆ ಕೋಣೆಯಲ್ಲಿ ಮಾತ್ರ ಬಾಗಿಲಾಚೆ ನಿಂತಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಡಾಕ್ಟರು ಅದನ್ನು ಎರಡು ಹೋಳು ಮಾಡಿ ಒಳಗೆ ತೋರಿಸಿದರು. ನಡುವಿನ ಗೋಡೆ ಒಂದು ಕಡೆ ದಪ್ಪಗೆ ಬೆಳೆದು ರಕ್ತ ಹೋಗುವ ದಾರಿಗೆ ಅಡ್ಡ ನಿಂತಿತ್ತು. ಮೆಟ್ಟಿಲು ಹತ್ತಿದರೆ ಅವ್ವನಿಗೆ ಕಣ್ಣು ಕತ್ತಲೆ ಬರುತ್ತಿದ್ದದ್ದು ಇದಕ್ಕೇ. ಆ ಮಾಂಸ ಕೆರೆದು ತೆಗೆಯಬೇಕು.

"ಕಾಯಿ ತುರಿದಂಗೇನ್ರಿ?" ಅವ್ವ ಕೇಳಿದಳು.

"ಹಾಗೇ ಅಂದ್ಕೊಳ್ಳಿ."

"ಕಾಯಿ ತುರಿಯುವಾಗ ಕರಟ ಬಂತಂದ್ರೆ ಕೈಗೆ ಗೊತ್ತಾಗತೈತ್ರಿ. ಇದರಾಗೆ?"

ಡಾಕ್ಟರು ಆ ದಪ್ಪ ಗೋಡೆಯ ಮೇಲೆ ಬೆರಳಿಟ್ಟರು. "ಇದರಲ್ಲಿ ಕರಟ ಇಲ್ಲಮ್ಮ. ಕಡಿಮೆ ತೆಗೆದ್ರೆ ಉಪಯೋಗ ಇಲ್ಲ, ಜಾಸ್ತಿ ತೆಗೆದ್ರೆ ಗೋಡೆ ತೂತಾಗುತ್ತೆ. ಅದಕ್ಕೇ ಮೊದಲು ಇಂಥದ್ದರ ಮೇಲೆ ಮಾಡಿ ನೋಡ್ತೀವಿ."

ಮಾಡಿ ನೋಡಿದ್ದೀರಾ ಅಂತ ನಾನೇ ಕೇಳಿದೆ. ಕೇಳಬಾರದಿತ್ತು. ಡ್ರಾಯರಿನಿಂದ ಇನ್ನೊಂದನ್ನು ತೆಗೆದು ಕೊಟ್ಟರು. ಅದೂ ಅವ್ವಂದೇ. ಕೆರೆದ ಜಾಗದಲ್ಲಿ ಕಿರುಬೆರಳಿಟ್ಟೆ. ಬೆರಳು ಆಚೆ ಬಂತು. ಅಂಗೈ ಬೆವರಿ ಆ ರಬ್ಬರು ಜಾರತೊಡಗಿತು. ಬೀಳಿಸಿಬಿಡ್ತೀನೇನೋ ಅಂತ ಎದೆಗೆ ಒತ್ತಿಕೊಂಡೆ.

"ಹಂಗಾರೆ ನಾ ಒಂದ್ಸಲ ಸತ್ತಾತು ಅನ್ರಿ," ಅಂದಳು ಅವ್ವ.

"ಆಮೇಲೆ ಮಾಡಿದ್ದರಲ್ಲಿ ತೂತು ಬೀಳಲಿಲ್ಲಮ್ಮ. ಎಲ್ಲಿ ನಿಲ್ಲಿಸಬೇಕು ಅಂತ ಈಗ ಗೊತ್ತು."

ಅವ್ವ ನನ್ನ ಕಡೆ ತಿರುಗಿದಳು. "ನೀ ಏನಂತೀಯೆ, ಓದಿದೋಳು?"

ನನ್ನ ಬೆರಳು ಇನ್ನೂ ಆ ತೂತಿನಲ್ಲೇ ಇತ್ತು.

"ಇವ್ಳು ಹೆದರ್ಕೊಂಡಾಳೆ. ನೀವು ಮಾಡ್ರಿ," ಅಂದಳು.

ಆಪರೇಶನ್ ದಿನ ಬಾಗಿಲ ಮುಂದೆ ಕೂತು ದೇವರನ್ನು ಬೇರೇನೂ ಕೇಳಲಿಲ್ಲ. ಆ ಕೈ ನಿಲ್ಲಬೇಕಾದಲ್ಲಿ ನಿಲ್ಲಲಿ, ಅಷ್ಟೇ.

ನಿಂತಿತು. ಈಗ ಅವ್ವ ಹರಿಹರದ ನಮ್ಮ ಮನೆಯಲ್ಲಿದ್ದಾಳೆ. ಎದೆಯ ಗಾಯ ಮಾಯುವ ತನಕ ಅವಳು ತೋಳಿಗೆ ಬಲ ಕೊಡುವಂತಿಲ್ಲ ಅಂತ ಕಾಯಿ ತುರಿಯೋದು ನಾನೇ. ಕರಟ ಇನ್ನೂ ದೂರ ಇರುವಾಗಲೇ ನನ್ನ ಕೈ ತಾನಾಗಿ ನಿಂತುಬಿಡುತ್ತದೆ.

ಅವ್ವ ಹೋಳನ್ನು ಎತ್ತಿ ನೋಡುತ್ತಾಳೆ. "ಅರ್ಧ ಕಾಯಿ ಇದರಾಗೇ ಐತಲ್ಲೆ. ಇಲಿಗೆ ಇಟ್ಟೀಯೇನು?"