ಸುಯಿಫೆನ್ ಅಕ್ಕನ ಮೊದಲ ‘ಬೇಡ’

ಆಸ್ಟ್ರೇಲಿಯಾದ ಬೆಂಡಿಗೋ ಊರಿನ ಚರ್ಚ್ ಹಾಲ್‌ನಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ನಮ್ಮ ಚೀನೀ ಹೆಂಗಸರ ಗುಂಪಿನಲ್ಲಿ ಸುಯಿಫೆನ್ ಅಕ್ಕನೇ ಜಾಣೆ. ಐವತ್ತೆಂಟರ ವಿಧವೆ. ಹೊಲಿಗೆ ಅಂಗಡಿಯಲ್ಲಿ ಪ್ಯಾಂಟುಗಳ ಅಂಚು ಮಡಿಸುತ್ತಲೇ ಅರ್ಧ ನಿಘಂಟು ಬಾಯಿಪಾಠ ಮಾಡಿದ್ದಳು. ಆ ಹಾಲ್ ಈಗಿಲ್ಲ, ಅಕ್ಕನೂ ಇಲ್ಲ. ಪಾಠವಿರುತ್ತಿದ್ದ ಬುಧವಾರ ಬೆಳಿಗ್ಗೆ ನನ್ನ ಕಾಲು ಮಾತ್ರ ಇನ್ನೂ ಆ ಬೀದಿಗೇ ಹೋಗುತ್ತದೆ.

ಪದ ಗೊತ್ತಿದ್ದರೇನು, ಕಿವಿ ಮಾತ್ರ ಚೀನಾದ ನಮ್ಮ ತೈಶಾನ್‌ನದೇ. ನಮ್ಮೂರಲ್ಲಿ ಊಟಕ್ಕೆ ಕರೆದರೆ ಎರಡು ಸಲ ಬೇಡ ಎನ್ನಬೇಕು, ಮೂರನೆಯ ಸಲಕ್ಕೆ ಕೂರಬೇಕು. ಮೊದಲ ಕರೆಗೇ ಹೂಂ ಎಂದವಳು ಹೊಟ್ಟೆಬಾಕಿ. ಇಲ್ಲಿನವರೋ, ಬೇಡ ಎಂದರೆ ತಟ್ಟೆಯನ್ನೇ ಎತ್ತಿಬಿಡುತ್ತಾರೆ. ಮೊದಲ ವರ್ಷ ನಾನಂತೂ ಎಷ್ಟು ಮನೆಗಳಿಂದ ಹಸಿದು ಬಂದೆನೋ!

ಅಕ್ಕನ ಪಕ್ಕದ ಮನೆಯ ಮರ್ವ್ ಇಲ್ಲಿನವನೇ, ಹೆಂಡತಿ ಸತ್ತಿದ್ದ ಪ್ಲಂಬರ್. ಅವನು ಬೇಲಿಯ ಮೇಲೆ ಟೊಮೆಟೊ ಇಟ್ಟರೆ, ಅಕ್ಕ ಎಲೆಯಲ್ಲಿ ಕಟ್ಟಿದ ಅಂಟಕ್ಕಿ ಕಡುಬು ಇಡುತ್ತಿದ್ದಳು. ಆರು ವರ್ಷ ಹೀಗೇ ನಡೆಯಿತು. ಒಂದು ದಿನ ಅವನು ಟೋಪಿ ತೆಗೆದು, ಮದುವೆಯಾಗೋಣವೇ ಎಂದು ಕೇಳಿದನಂತೆ.

“ಏನಂದೆ ಅಕ್ಕಾ?” ಹೊಲಿಗೆ ಅಂಗಡಿಯಲ್ಲಿ ಅವಳ ಪಕ್ಕ ಕೂತು ಕೇಳಿದೆ.

“ಇನ್ನೇನಂತೀನಿ? ಬೇಡ, ಮುದುಕಿ ನಾನು, ಜನ ನಗ್ತಾರೆ ಅಂದೆ.”

“ಅವನು?”

“ಸರಿ ಅಂದ. ಟೋಪಿ ಹಾಕ್ಕೊಂಡು ಹೋದ. ಮೂರು ವಾರ ಆಯ್ತು ಕಣೇ, ಇನ್ನೂ ಎರಡನೇ ಸಲ ಕೇಳಿಲ್ಲ. ಬಾಯಿಮಾತಿಗೆ ಕೇಳಿದ್ದ ಅಂತ ಕಾಣುತ್ತೆ.” ಅವಳಿಗೆ ಅಳುವೇ ಬಂದಿತ್ತು.

ನನಗೆ ರೇಗಿತು. “ಅಯ್ಯೋ, ಇವರಿಗೆ ಒಂದು ಸಲ ಬೇಡ ಅಂದ್ರೆ ಮುಗೀತು! ಮನೆ ಮಾರಾಟಕ್ಕೆ ಬೋರ್ಡ್ ಹಾಕಿದಾನೆ, ನೋಡ್ಲಿಲ್ವಾ? ಹೋಗಿ ನೀನೇ ಹೇಳು.”

“ನಾನಾ? ಹೆಣ್ಣಾಗಿ?”

“ಹಾಗಾದ್ರೆ ಇಲ್ಲೇ ಪ್ಯಾಂಟ್ ಹೊಲೀತಾ ಕೂತಿರು.”

ಅಕ್ಕ ಸೂಜಿ ಬಿಸಾಡಿ ಎದ್ದಳು. ನಾನೂ ಹಿಂದೆಯೇ ಹೋದೆ. ಮರ್ವ್ ಅಡುಗೆಮನೆಯಲ್ಲಿ ಪೆಟ್ಟಿಗೆಗೆ ಪಾತ್ರೆ ತುಂಬುತ್ತಿದ್ದ. ಅಕ್ಕ ಟೀಚರಿಗೆ ಪಾಠ ಒಪ್ಪಿಸುವವಳಂತೆ ನೆಟ್ಟಗೆ ನಿಂತಳು.

“ನಮ್ಮಲ್ಲಿ ಮೂರು ಸಲ ಕೇಳ್ಬೇಕು. ನೀನು ಒಂದೇ ಸಲ ಕೇಳಿ ಓಡಿಹೋದೆ.”

ಮರ್ವ್ ಕೈಯಲ್ಲಿದ್ದ ಬಾಣಲೆ ಕೆಳಗಿಟ್ಟ. “ನನ್ನ ಮದುವೆ ಆಗ್ತೀಯಾ?”

“ಬೇಡ,” ಎಂದಳು ಅಕ್ಕ, ನೆಲ ನೋಡುತ್ತ.

ಪಾಪ, ಅವನ ಮುಖ ಬಿಳುಚಿಕೊಂಡಿತು. ದಿಕ್ಕು ತೋಚದೆ ನನ್ನತ್ತ ನೋಡಿದ. ಇನ್ನೊಂದೇ ಸಲ ಎಂದು ನಾನು ಬೆರಳೆತ್ತಿ ತೋರಿಸಿದೆ.

“ಆಗ್ತೀಯಾ?” ಎಂದ ಅವನು.

“ಎಷ್ಟು ದಿನ ಬೇಕಾಯ್ತಪ್ಪಾ ನಿಂಗೆ,” ಎನ್ನುತ್ತ ಅಕ್ಕ ಪೆಟ್ಟಿಗೆಯೊಳಗಿನ ಪಾತ್ರೆಗಳನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದಳು.